ಮೊಳಕಾಲ್ಮುರಿಗೆ ಸಮುದ್ರ ತಂದ ಕಥೆ

ಗಾಜಿನ ತೊಟ್ಟಿ ಕಟ್ಟಿ ಮೀನು ಬಿಡುವ ನಮ್ಮ ಕಸುಬಿಗೆ ಹೊಸದಾಗಿ ಬರುತ್ತಿರುವವರು ನನ್ನ ಹತ್ತಿರ ಬಂದು, "ಚಾಚಾ, ಯಾವ ಪಂಪು ಒಳ್ಳೇದು? ಯಾವ ಲೈಟು ಹಾಕ್ಬೇಕು?" ಎಂದು ಕೇಳುತ್ತಾರೆ. ಅದೆಲ್ಲ ಅವರ ಫೋನಿನಲ್ಲೇ ಸಿಗುತ್ತದೆ. ಫೋನಿನಲ್ಲಿ ಸಿಗದ ಒಂದು ವಿಷಯ ನನ್ನ ಹತ್ತಿರ ಇದೆ. ಹೇಳಿಕೊಳ್ಳಲು ನನಗೇ ನಾಚಿಕೆ. ಆದರೂ ಅಂಗಡಿ ಬಾಗಿಲು ಹಾಕಿ ಮನೆಯಲ್ಲಿ ಕೂತವನಿಗೆ ಇನ್ನು ಮಾನ ಹೋದರೆಷ್ಟು, ಉಳಿದರೆಷ್ಟು ಎಂದು ಬರೆಯಲು ಕೂತಿದ್ದೇನೆ.

ನನ್ನ ಹೆಸರು ದಾದಾಪೀರ್. ಚಳ್ಳಕೆರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದೆ. ಊರವರ ಬಾಯಲ್ಲಿ ನಾನು ಮೀನ್ ಸಾಬ್ರು. ತಿನ್ನುವ ಮೀನು ಮಾರುತ್ತೇನೆಂದು ತಿಳಿದು ಭಾನುವಾರ ಚೀಲ ಹಿಡಿದು ಬಂದು, ಬಣ್ಣದ ಮೀನು ನೋಡಿ ಬೈದುಕೊಂಡು ಹೋದವರೂ ಇದ್ದಾರೆ.

ಕೆಲಸ ಕಲಿತದ್ದು ಗಾಜಿನ ಅಂಗಡಿಯ ರಹಮಾನ್ ಉಸ್ತಾದರ ಬಳಿ. ಅವರ ಬಾಯಿ ಕೆಟ್ಟದ್ದು, ಕೈ ಬಂಗಾರ. "ಏ ಗಧೇ, ಗಾಜು ಕೊಯ್ಯೋದು ಕೈಯಿಂದ ಅಲ್ಲ, ಕಿವಿಯಿಂದ" ಎನ್ನುತ್ತಿದ್ದರು. ವಜ್ರದ ಮೊನೆ ಗಾಜಿನ ಮೇಲೆ ಸರಿಯಾಗಿ ಓಡಿದರೆ ಬರುವ ಸದ್ದೇ ಬೇರೆ. ಆಗೆಲ್ಲ ತೊಟ್ಟಿ ಎಂದರೆ ಕಬ್ಬಿಣದ ಚೌಕಟ್ಟು, ಅದಕ್ಕೆ ಪುಟ್ಟಿ ಮೆತ್ತಿ ಗಾಜು ಕೂರಿಸುವುದು. ಈಗಿನ ಹಾಗೆ ಅಂಟಿನ ಟ್ಯೂಬು ಹಿಚುಕಿ ಸಂಜೆಗೆ ಮುಗಿಸುವ ಕಾಲವಲ್ಲ.

ನಾನು ಒಬ್ಬನೇ ಕಟ್ಟಿದ ಮೊದಲ ತೊಟ್ಟಿ ಒಂದು ಎಣ್ಣೆ ಮಿಲ್ಲಿನ ಆಫೀಸಿಗೆ. ಅವಸರಕ್ಕೆ ಬಿದ್ದು ಪುಟ್ಟಿ ಒಣಗುವ ಮೊದಲೇ ನೀರು ತುಂಬಿಸಿದೆ. ಮಾಲೀಕರು ಊದುಬತ್ತಿ ಹಚ್ಚಿ ಕೈ ಮುಗಿಯುತ್ತಿದ್ದಾಗ ಮುಂದಿನ ಗಾಜು ಹಾರಿಹೋಯಿತು. ನೀರೆಲ್ಲ ಶೇಂಗಾ ಮೂಟೆಗಳಿಗೆ ನುಗ್ಗಿತು. ಮೂಟೆಗಳ ಮೇಲೆ ಬಂಗಾರದ ಮೀನುಗಳು ಪಟಪಟ ಒದ್ದಾಡುತ್ತಿದ್ದವು.

"ಲೇ ದಾದಾಪೀರಾ, ಶೇಂಗಾ ನೆನೆಹಾಕಾಕೆ ನಿನ್ನ ಕರೆಸಿದ್ನೇನೋ ನಾನು?" ಎಂದು ಮಾಲೀಕರು ಕೂಗಿದರು.

ಉಸ್ತಾದರು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು. "ಕಾಸು ಹಾಕಿದ್ಯಾ?"

ಹಾಕಿರಲಿಲ್ಲ. ಮೀನು ಬಿಡುವ ದಿನ ಬಿಸ್ಮಿಲ್ಲಾ ಎಂದು ಹೇಳಿ, ಬಲಗಡೆ ಮೂಲೆಯ ಮರಳಿನಡಿ ಒಂದು ಹಳೇ ತಾಮ್ರದ ಕಾಸು ಹುಗಿಯುವುದು ಉಸ್ತಾದರ ಪದ್ಧತಿ. "ದೇವ್ರ ಬರಕತ್ತೂ ಹೌದು, ಔಷಧಾನೂ ಹೌದು" ಎನ್ನುತ್ತಿದ್ದರು. ತಾಮ್ರ ಇದ್ದ ತೊಟ್ಟಿಯ ಮೀನಿಗೆ ಬಿಳೀ ಚುಕ್ಕೆ ರೋಗ ಬರುವುದು ಕಡಿಮೆ ಎಂಬುದು ಅವರ ಅನುಭವ. ಆ ಗಾಜು ಒಡೆದದ್ದು ಹಸಿ ಪುಟ್ಟಿಯಿಂದ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅವತ್ತಿನಿಂದ ಕಾಸು ಹಾಕದೆ ಒಂದೇ ಒಂದು ಮೀನು ಬಿಟ್ಟವನಲ್ಲ ನಾನು. ಉಸ್ತಾದರು ಕಣ್ಣು ಮಂಜಾಗಿ ಅಂಗಡಿ ಬಿಟ್ಟಾಗ ಹಳೇ ಕಾಸಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಕೆಲಸಕ್ಕೆ ಹೊರಟರೆ ಅಂಗಿ ಜೇಬಿನಲ್ಲಿ ಒಂದು ಕಾಸು ಇದ್ದೇ ಇರುತ್ತಿತ್ತು.

ಇನ್ನೊಂದು ಪಾಠ ತಳಕು ಎಂಬ ಊರಿನಲ್ಲಿ ಸಿಕ್ಕಿತು. ಅಲ್ಲಿನ ಅಂಗಡಿಯವರೊಬ್ಬರ ಮನೆಯ ಮೀನುಗಳು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ನೀರು ಸರಿಯಿಲ್ಲ, ಪಂಪು ಸರಿಯಿಲ್ಲ ಎಂದು ಅವರು ನನ್ನ ಮೇಲೆ ಹರಿಹಾಯ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅವರ ಹೆಂಡತಿಯನ್ನು ಕೇಳಿದೆ, ಮೀನಿಗೆ ಏನು ಹಾಕ್ತೀರಮ್ಮಾ ಎಂದು. ಬೆಳಗ್ಗೆ ಎದ್ದು ಎಮ್ಮೆಗೆ ಹಾಕುವ ಶೇಂಗಾ ಹಿಂಡಿಯಲ್ಲೇ ಒಂದು ಹಿಡಿ ಹಾಕುತ್ತಾರಂತೆ! "ಎಮ್ಮೆಗೆ ಹಾಲು ಬತ್ತೈತೆ, ಮೀನಿಗೆ ಮೈ ಬರಲ್ವೇನ್ರೀ?" ಎಂದರು ಆ ತಾಯಿ. ನೀರಿನ ಮೇಲೆ ಎಣ್ಣೆ ಪೊರೆ ಕಟ್ಟಿ ಮೀನಿಗೆ ಉಸಿರು ಸಿಕ್ಕಿರಲಿಲ್ಲ. ಅವತ್ತು ನಾನೊಂದು ನಿಯಮ ಮಾಡಿಕೊಂಡೆ. ತೊಟ್ಟಿ ಕೆಟ್ಟಾಗ ಮೊದಲು ಮಾತಾಡಬೇಕಾದ್ದು ದಿನವಿಡೀ ಅದರ ಮುಂದೆ ಇರುವವರ ಜೊತೆ. ಬೈಯುವುದು ಆಮೇಲೆ.

ಈ ನಿಯಮವನ್ನು ನಾನು ಮುರಿದದ್ದು ಒಂದೇ ಸಲ.

ತಿಪ್ಪೇಸ್ವಾಮಿಯವರು ಮೊಳಕಾಲ್ಮುರಿನ ರೇಷ್ಮೆ ಸೀರೆಯವರು. ಮನೆಯಲ್ಲೇ ಮಗ್ಗ, ಹಿತ್ತಲಲ್ಲೇ ಬಣ್ಣದ ಬಾನಿ. ಒಂದು ದಿನ ನನ್ನ ಅಂಗಡಿಗೆ ಬಂದು, ಕೂರಲೂ ಇಲ್ಲ, ನೇರ ಕೇಳಿದರು.

"ಸಾಬ್ರೆ, ನಂಗೆ ಸಮುದ್ರ ಬೇಕು."

"ಯಾವ ಮೀನು ಸ್ವಾಮೇರೆ?"

"ಮೀನಲ್ರೀ, ಸಮುದ್ರ! ಹವಳ, ಕಲ್ಲು, ಉಪ್ಪು ನೀರು, ಎಲ್ಲಾ. ಟೂರು ಹೋದಾಗ ಸಮುದ್ರದಾಗೆ ದೋಣಿ ತಳಕ್ಕೆ ಗಾಜು ಹಾಕಿದ್ರು, ಬಗ್ಗಿ ನೋಡಿದೆ. ಅಲ್ಲೊಂದು ನೇರಳೆ ಐತೆ. ಹುಟ್ಟಿದಾಗಿಂದ ಬಣ್ಣದ ಬಾನಿ ಮುಂದೇನೇ ಇದೀನಿ, ಆ ನೇರಳೆ ನನ್ನ ಕೈಲಿ ಬಂದಿಲ್ಲ. ದಿನಾ ಕಣ್ಮುಂದೆ ಇಟ್ಕಂಡು ನೋಡಿ ಸೀರೆ ಅಂಚಿಗೆ ತರ್ಬೇಕು."

ನಾನು ಸಮುದ್ರದ ತೊಟ್ಟಿ ಮಾಡುವುದಿರಲಿ, ಹತ್ತಿರದಿಂದ ನೋಡಿದವನೂ ಅಲ್ಲ. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. "ಆಯ್ತು, ಮಾಡ್ಕೊಡ್ತೀನಿ" ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಜರೀನಾ ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದಳು. ನಲ್ಲಿ ನೀರಿಗೇ ಗತಿ ಇಲ್ಲದ ಸೀಮೆಗೆ ಸಮುದ್ರ ತರ್ತೀಯಾ, ನಿನ್ನ ತಲೆ ನೆಟ್ಟಗಿದೆಯಾ ಎಂದಳು.

ಬೆಂಗಳೂರಿನಲ್ಲಿ ಜೋಸೆಫ್ ಎಂಬವರು ಸಮುದ್ರದ ತೊಟ್ಟಿಗಳದ್ದೇ ವ್ಯಾಪಾರ ಮಾಡುತ್ತಾರೆ. ನನಗಿಂತ ಅರ್ಧ ವಯಸ್ಸು. ಅವರ ಎದುರು ಮಣೆ ಹಾಕಿಕೊಂಡು ಕೂತ ಶಾಲೆ ಹುಡುಗನಂತೆ ಕಲಿತೆ. ಒಂದೊಂದು ಮಾತಿಗೂ ದಂಗಾದೆ. ನಮ್ಮ ಬೋರಿನ ನೀರನ್ನು ಸೀಸೆಯಲ್ಲಿ ಒಯ್ದಿದ್ದೆ. ಪರೀಕ್ಷೆ ಮಾಡಿ, "ಇದು ನೀರಲ್ಲ ಸಾರ್, ಕರಗಿದ ಸುಣ್ಣ" ಎಂದರು. ಯಂತ್ರದಲ್ಲಿ ಸೋಸಿದ ನೀರೇ ಆಗಬೇಕು. ಅದಕ್ಕೆ ಅಡುಗೆ ಉಪ್ಪಲ್ಲ, ಸಮುದ್ರದ ಉಪ್ಪಿನ ಪುಡಿ ತೂಕ ಹಾಕಿ ಬೆರೆಸಬೇಕು. ಕಲ್ಲು ಎಂದು ನಾನು ತಿಳಿದದ್ದು ಬರೀ ಕಲ್ಲಲ್ಲ, ಅದರ ತೂತು ತೂತಿನಲ್ಲೂ ಕೊಳೆ ತಿನ್ನುವ ಜೀವ ಕೂರಬೇಕು. ಅದು ಕೂರಲು ಆರು ವಾರ ಒಂದು ಮೀನೂ ಬಿಡದೆ ಕಾಯಬೇಕು. ನಮ್ಮ ಕಡಲಿನಿಂದ ಹವಳ ಕಿತ್ತು ಮಾರುವುದು ಅಪರಾಧ, ಸಾಕಿ ಬೆಳೆಸಿದ, ಕಾಗದಪತ್ರ ಇರುವ ತುಂಡುಗಳನ್ನಷ್ಟೇ ತರಬೇಕು. ಬಿಸಿಲಿಗೆ ನೀರು ಆರಿದರೂ ಉಪ್ಪು ಆರುವುದಿಲ್ಲ, ಅದಕ್ಕೆ ಗುರುತಿನ ಗೆರೆಯವರೆಗೆ ಬರೀ ಸಿಹಿನೀರು ತುಂಬಬೇಕು. ಹೊರಡುವಾಗ ತೊಟ್ಟಿಯ ಹತ್ತಿರ ಸುಳಿಯಬಾರದ ವಸ್ತುಗಳ ಚೀಟಿಯೊಂದನ್ನು ಬರೆದು ಕೊಟ್ಟರು. ಸೋಪು, ಫಿನಾಯಿಲ್, ಸೊಳ್ಳೆ ಔಷಧಿ ಎಂದು ಮೊದಲ ಮೂರು ಓದಿ, ಇಷ್ಟು ನನಗೆ ಗೊತ್ತಿಲ್ಲವೇ ಎಂದು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡೆ.

ತಿಪ್ಪೇಸ್ವಾಮಿಯವರ ನಡುಮನೆಯಲ್ಲಿ ಎರಡೂವರೆ ಅಡಿಯ ತೊಟ್ಟಿ ಕೂರಿಸಿದೆ. ಅದರ ಎದುರಿಗೇ ಓಬಕ್ಕ ಕೂರುತ್ತಿದ್ದಳು. ಇಪ್ಪತ್ತು ವರ್ಷದಿಂದ ಆ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವವಳು, ಎಂದರೆ ಲಾಳಿಯೊಳಗೆ ಕೂರುವ ದಾರದ ಉರುಳೆ ತುಂಬುವವಳು. ನಡುಮನೆ ಗುಡಿಸಿ ಒರೆಸುವ ಕೆಲಸವೂ ಅವಳದ್ದೇ. ರಾಂಪುರದ ದಾರಿಯಲ್ಲಿ ಅವಳ ಮನೆ. ಕೈ ಚಕ್ರದ ಮೇಲಿದ್ದರೆ ಕಣ್ಣು ತೊಟ್ಟಿಯ ಮೇಲೆ.

"ಸಾಬ್ರೆ, ಮೀನೇ ಇಲ್ಲ, ಬರೀ ಕಲ್ಲಿಗೆ ದಿನಾ ದೀಪ ಹಚ್ತೀರಲ್ಲ. ಇದ್ಯಾವ ಹೊಸ ದೇವ್ರು?" ಎಂದು ನಾನು ಹೋದಾಗಲೆಲ್ಲ ರೇಗಿಸುವಳು.

"ಈ ದೇವ್ರಿಗೆ ನೀನೇ ಪೂಜಾರಿ ಓಬಕ್ಕ" ಎಂದು, ಸೋಪು ಫಿನಾಯಿಲ್ ಇತ್ತ ಸುಳಿಯಬಾರದು ಎಂದೂ ಹೇಳಿ, ಗೆರೆಯವರೆಗೆ ಸಿಹಿನೀರು ತುಂಬುವ ಕೆಲಸವನ್ನು ಅವಳಿಗೇ ಒಪ್ಪಿಸಿದೆ. ಆರು ವಾರದಲ್ಲಿ ಒಂದು ದಿನವೂ ನೀರು ಗೆರೆ ಬಿಟ್ಟು ಕೆಳಗಿಳಿಯಲಿಲ್ಲ, ಮೇಲೇರಲೂ ಇಲ್ಲ.

ನೀರಿಗೆ ಜೀವಗಳನ್ನು ಬಿಡುವ ದಿನ ಬಂತು. ಬಿಳಿ ಪಟ್ಟೆಯ ಕಿತ್ತಳೆ ಮೀನು ಎರಡು, ಕೆಂಪು ಗೆರೆಯ ಸೀಗಡಿ ಎರಡು, ಬಸವನಹುಳು ಮೂರು, ಬೆರಳುದ್ದದ ಮೆತ್ತನೆಯ ಹವಳದ ತುಂಡು ಐದು. ಬಿಸ್ಮಿಲ್ಲಾ ಎಂದು ಹೇಳಿ, ಕೈ ಅಭ್ಯಾಸದಂತೆ ಮಾಡುವುದನ್ನೆಲ್ಲ ಮಾಡಿ ಬಿಟ್ಟೆ. ಎರಡನೇ ದಿನಕ್ಕೆ ಹವಳದ ಒಂದು ತುಂಡು ಹೂವಿನಂತೆ ಬಿಚ್ಚಿಕೊಂಡು ನೇರಳೆ ಬಣ್ಣ ತೋರಿಸಿತು. ತಿಪ್ಪೇಸ್ವಾಮಿಯವರು ಬಣ್ಣ ಅದ್ದಿದ ದಾರದ ಎಳೆಗಳನ್ನು ಗಾಜಿಗೆ ಹಿಡಿದು ನೋಡುತ್ತಾ ಊಟ ಮರೆತರು. ಓಬಕ್ಕ ಗಾಜಿನ ಒಳಮೈ ಒರೆಸಲು ನೀರಿಗೆ ಕೈ ಇಟ್ಟರೆ ಸೀಗಡಿ ಬಂದು ಅವಳ ಉಗುರು ಕೆದಕಿ ಚೊಕ್ಕಟ ಮಾಡುತ್ತಿತ್ತು. "ಅಯ್ಯೋ ದೇವುಡಾ, ನನ್ನ ಸೊಸೆ ಮಾಡ್ದಿರೋ ಸೇವೆ ಇದು ಮಾಡ್ತೈತಲ್ಲೋ!" ಎಂದು ನಗುತ್ತಿದ್ದಳು.

ಹನ್ನೆರಡನೇ ದಿನ ಫೋನು ಬಂತು. ಬಸ್ಸು ಹತ್ತಿ ಓಡಿದೆ. ಬಸವನಹುಳುಗಳು ಮೂರೂ ಅಂಗಾತ ಬಿದ್ದಿದ್ದವು. ಒಂದು ಸೀಗಡಿ ಸತ್ತಿತ್ತು, ಇನ್ನೊಂದು ಕಾಲು ಅದುರಿಸುತ್ತಿತ್ತು. ಹವಳಗಳು ಮುದುಡಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು. ಓಬಕ್ಕ ಸತ್ತ ಸೀಗಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಗೋಡೆಗೊರಗಿ ನಿಂತಿದ್ದಳು.

"ಯಾಕ್ ಹಿಂಗಾತ್ರೀ ಸಾಬ್ರೆ?" ತಿಪ್ಪೇಸ್ವಾಮಿಯವರು ಗಾಜಿಗೆ ಮುಖ ತಾಗಿಸಿ ಕೇಳಿದರು.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಮೂವತ್ತು ವರ್ಷದ ಮೀನ್ ಸಾಬ್ರಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಬಚ್ಚಲ ಕಡೆಯಿಂದ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. "ಫಿನಾಯಿಲ್" ಎಂದುಬಿಟ್ಟೆ. "ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ರೆ ಗಾಳಿಲೇ ನೀರಿಗೆ ಸೇರ್ತದೆ. ಅದೇ ಕೊಂದಿರೋದು."

ತಿಪ್ಪೇಸ್ವಾಮಿಯವರು ಓಬಕ್ಕನ ಕಡೆ ತಿರುಗಿದರು. "ನೆಲ ಒರೆಸೋದು ಯಾರು?"

"ನಾನೇ ಒರೆಸೋದು ಅಣ್ಣ, ಆದ್ರೆ…"

"ಇನ್ನೇನ್ ಆದ್ರೆ! ಇಪ್ಪತ್ತು ವರ್ಷ ಈ ಮನೇಲಿ ಇದ್ದೋಳು, ಹೇಳಿದ್ದು ತಲೇಲಿ ಇಟ್ಕಳಾಕೆ ಆಗಲ್ವಾ? ಜೀವ ತೆಗೆದೆಯಲ್ಲೇ! ನಡಿ, ನಾಳೆಯಿಂದ ಬರ್ಬೇಡ."

ಓಬಕ್ಕ ನನ್ನನ್ನು ನೋಡಿದಳು. ನಾನು ಬಗ್ಗಿ ಉಪ್ಪಿನ ಅಳತೆಯ ಕೊಳವೆ ನೋಡಿದೆ. ಅವಳು ಚಕ್ರಕ್ಕೆ ಬಟ್ಟೆ ಮುಚ್ಚಿ, ಸೀಗಡಿಯನ್ನು ತುಳಸಿ ಗಿಡದ ಬುಡದಲ್ಲಿ ಹೂತು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳು ಹೋದ ಮೇಲೆ ನನ್ನ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆ.

ಜೋಸೆಫ್‌ಗೆ ಫೋನು ಮಾಡಿ ಫಿನಾಯಿಲ್ ಎಂದು ಹೇಳಿದೆ.

"ಫಿನಾಯಿಲ್ ಆಗಿದ್ರೆ ಮೀನೂ ಸಾಯ್ಬೇಕಿತ್ತಲ್ವಾ ಸಾರ್? ತಾಮ್ರ ಏನಾದ್ರೂ ಇದೆಯಾ ನೋಡಿ. ತಂತಿ, ಪೈಪು, ಪಂಪಿನೊಳಗೆ…"

"ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದೀನಪ್ಪಾ, ಅಷ್ಟೂ ಗೊತ್ತಿಲ್ವಾ?" ಎಂದು ಫೋನು ಇಟ್ಟೆ.

ನೀರು ಬದಲಿಸಿದೆ, ವಿಷ ಹೀರಲಿ ಎಂದು ಇದ್ದಿಲು ಹಾಕಿದೆ. ಉಳಿದ ಸೀಗಡಿಯೂ ಹೋಯಿತು, ಹವಳ ಕೊಳೆತು ಉದುರಿತು. ಕೊನೆಗೆ ಎರಡು ಮೀನುಗಳನ್ನು ಜೋಸೆಫ್ ಕಡೆಯವರಿಗೆ ಒಪ್ಪಿಸಿ, ತೊಟ್ಟಿ ಬಿಚ್ಚಿ, ಮರಳನ್ನು ಚಳ್ಳಕೆರೆಗೆ ತಂದೆ. ಮನೆಯ ಅಂಗಳದಲ್ಲಿ ಜರಡಿ ಹಿಡಿದು ತೊಳೆಯುತ್ತಿದ್ದೆ. ಟಣ್ ಎಂದಿತು. ನೋಡಿದರೆ ಹಸಿರು ಕಿಲುಬು ಹಿಡಿದ ಕಾಸು.

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ಅಂಗಿ ಗುಂಡಿ ಹಾಕಿಕೊಂಡದ್ದು ಯಾರಿಗೆ ನೆನಪಿರುತ್ತದೆ? ಹಾಗೇ ನಾನು ಕಾಸು ಹಾಕಿದ್ದೆ. ಜೋಸೆಫ್ ಕೇಳಿದಾಗಲೂ ನೆನಪಾಗಿರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಆ ಚೀಟಿ ತೆಗೆದು ಬಿಡಿಸಿದೆ. ಸೋಪು, ಫಿನಾಯಿಲ್, ಸೊಳ್ಳೆ ಔಷಧಿ. ನಾಲ್ಕನೆಯದು ತಾಮ್ರ, ಕೆಳಗೆ ಎರಡು ಗೆರೆ ಎಳೆದಿದ್ದರು. ಚೀಟಿ, ಕಾಸು ಎರಡೂ ಒಂದೇ ಜೇಬಿನಲ್ಲಿ ಮೊಳಕಾಲ್ಮುರಿಗೆ ಹೋಗಿದ್ದವು. ಯಾ ಅಲ್ಲಾ! ಓದಿದವನೂ ನಾನೇ, ಓದದೆ ಬಿಟ್ಟವನೂ ನಾನೇ.

ಜೋಸೆಫ್ ಆಮೇಲೆ ಬಿಡಿಸಿ ಹೇಳಿದರು. ನಮ್ಮ ಸುಣ್ಣದ ನೀರಿನಲ್ಲಿ ತಾಮ್ರ ಕರಗುವುದು ತೀರಾ ಕಡಿಮೆ, ಅದಕ್ಕೇ ಇಷ್ಟು ವರ್ಷ ಏನೂ ಆಗಿರಲಿಲ್ಲ. ಉಪ್ಪುನೀರು ತಾಮ್ರವನ್ನು ತಿಂದುಬಿಡುತ್ತದೆ. ಮೀನು ಒಂದಿಷ್ಟು ತಡೆದುಕೊಳ್ಳುತ್ತದೆ. ಸೀಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಕಲ್ಲು ಮರಳು ಎರಡೂ ಅದನ್ನು ಹೀರಿಕೊಂಡಿರುತ್ತವೆ, ಇನ್ನು ಸಮುದ್ರದ ತೊಟ್ಟಿಗೆ ಹಾಕುವಂತಿಲ್ಲ.

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕಾಸನ್ನು ಬೀಸಾಡಿದರೆ ಮುಗಿಯಿತು, ಯಾರು ನೋಡಿದ್ದಾರೆ ಎಂದೂ ಅನ್ನಿಸಿತು. ಸುಳ್ಳೇಕೆ ಹೇಳಲಿ? ಜರೀನಾಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಉಸ್ತಾದರಾಗಿದ್ದರೆ ಚಹಾ ಆರುವ ಮೊದಲು ಎದ್ದು ಹೋಗಿ ತಪ್ಪು ಒಪ್ಪಿಕೊಳ್ಳುತ್ತಿದ್ದರು ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ತಿಪ್ಪೇಸ್ವಾಮಿಯವರ ಮುಂದೆ ಚಾಪೆಯ ಮೇಲೆ ಕಾಸು ಇಟ್ಟು ಎಲ್ಲ ಹೇಳಿದೆ. ಅವರು ಕಾಸನ್ನು ಎತ್ತಿ ತಿರುಗಿಸಿ ನೋಡಿದರು. "ನಾನು ಅವಳ್ನ ಒಂದ್ ಮಾತು ಕೇಳ್ಲಿಲ್ಲ ಕಣ್ರೀ" ಎಂದರು. ನಾನೂ ಕೇಳಿರಲಿಲ್ಲ. ಇಬ್ಬರೂ ಎದ್ದು ರಾಂಪುರದ ದಾರಿ ಹಿಡಿದೆವು.

ಓಬಕ್ಕ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಲ್ಲಿ ಗೊತ್ತಾಯಿತು, ಒಂದು ತಿಂಗಳಿನಿಂದ ಅವಳಿಗೆ ಯಾರೂ ದಾರ ಕೊಟ್ಟಿಲ್ಲ. ಮಗ್ಗದ ಮನೆಗಳ ನಡುವೆ ಮಾತು ಹಬ್ಬಲು ಎಷ್ಟು ಹೊತ್ತು? ಫಿನಾಯಿಲ್ ಹಾಕಿ ಜೀವ ತೆಗೆದವಳ ಕೈಗೆ ರೇಷ್ಮೆ ಕೊಡುವವರು ಯಾರು? ಅವಳು ಕೂಲಿಗೆ ಹೊಲಕ್ಕೆ ಹೋಗುತ್ತಿದ್ದಳು. ರೇಷ್ಮೆ ಎಳೆ ಹಿಡಿಯುವ ಬೆರಳುಗಳು ಒಡೆದು ಸೀಳು ಬಿಟ್ಟಿದ್ದವು.

ಕಾಸು ಅಂಗೈಯಲ್ಲಿ ಇಟ್ಟು ತೋರಿಸಿದೆ. "ಅಕ್ಕಾ, ಕೊಂದಿದ್ದು ಇದು. ಹಾಕಿದ್ದು ನಾನು."

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅದು ನಂಗೆ ಗೊತ್ತೈತಲ್ರೀ" ಎಂದಳು.

"ಏನು ಗೊತ್ತೈತೆ?"

"ನೀವು ಕಾಸು ಹಾಕಿದ್ದು. ಬಿಸ್ಮಿಲ್ಲಾ ಅಂದು ಮೂಲೇಲಿ ಹುಗಿದ್ರಿ, ನಾನು ಅಲ್ಲೇ ಎದ್ರಿಗೇ ಕುಂತಿದ್ನಲ್ಲ. ನೀರಿನ ಸೆಳೆತಕ್ಕೆ ಎಲ್ಡು ಸಲ ಮರಳು ಸರಿದು ಮೇಲೆ ಬಂತು, ಹಸಿರಾಗಿತ್ತು. ದೇವ್ರ ಹೆಸ್ರಲ್ಲಿ ಇಟ್ಟಿದ್ದು, ಯಾರಾದ್ರೂ ತೆಗೆದ್ರೆ ನಿಮ್ಗೆ ಕೇಡು ಅಂತ ನಾನೇ ಕಡ್ಡೀಲಿ ಮರಳು ಎಳೆದು ಮುಚ್ಚಿದೆ. ಅದು ವಿಷ ಅಂತ ನಂಗೇನ್ ಗೊತ್ತು?"

ನನ್ನ ನಂಬಿಕೆಯನ್ನು ಕಾಪಾಡಲು ಹೋಗಿ ಅವಳು ತನ್ನ ಅನ್ನದ ಮೇಲೆ ಮಣ್ಣು ಎಳೆದುಕೊಂಡಿದ್ದಳು. ಅವತ್ತು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಕಾಸಿನ ಮಾತು ಅವತ್ತೇ ಬರುತ್ತಿತ್ತು.

"ಇನ್ನೊಂದು ಕೇಳ್ರಿ" ಎಂದಳು. ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಆ ತೊಟ್ಟಿ ಬಂದಾಗಿಂದ ನಡುಮನೆಗೆ ನಾನು ಫಿನಾಯಿಲ್ ಮುಟ್ಸಿಲ್ಲ. ಬರೀ ನೀರಾಗೆ ಒರೆಸಿದೀನಿ. ಬಚ್ಚಲಿಗೆ ಹಾಕಿದ್ರೂ ಕೈ ಮೂರು ಸಲ ತೊಳ್ಕಂಡು ಆ ಕಡೆ ಬರ್ತಿದ್ದೆ. ಹೇಳಾಕೆ ಬಾಯಿ ತೆಗೆದ್ರೆ ಇಬ್ರೂ ಬಿಡ್ಲಿಲ್ಲ."

ತಿಪ್ಪೇಸ್ವಾಮಿಯವರು ತಲೆ ತಗ್ಗಿಸಿ, "ತಪ್ಪಾತವ್ವ, ಬಾ ಮನೆಗೆ" ಎಂದರು.

"ಬರ್ತೀನಿ ಅಣ್ಣ. ಆದ್ರೆ ಸುಮ್ಕೆ ಬರಲ್ಲ. ಓಬಿ ಕೊಂದ್ಲು ಅಂತ ಎಲ್ಲಾ ಮಗ್ಗದ ಮನೇಗೂ ಗೊತ್ತಾಗೈತೆ. ಕೊಂದಿಲ್ಲ ಅಂತಾನೂ ಎಲ್ಲಾ ಮನೇಗೂ ಗೊತ್ತಾಗ್ಬೇಕು. ಸಾಬ್ರೇ ಹೇಳ್ಲಿ."

ಹೇಳಿದೆ. ಅವತ್ತೇ. ಓಬಕ್ಕ ಮುಂದೆ, ನಾನು ಹಿಂದೆ. ಒಂದೊಂದು ಮಗ್ಗದ ಮನೆಯ ಮುಂದೆಯೂ ನಿಂತು, ಹಸಿರು ಕಾಸನ್ನು ಅಂಗೈಯಲ್ಲಿಟ್ಟು, "ಕೊಂದಿದ್ದು ನಾನು, ಈಯಮ್ಮ ಅಲ್ಲ" ಎಂದೆ. ಕೆಲವರು ನಕ್ಕರು. ಒಬ್ಬ ಮುದುಕಿ, "ಇಷ್ಟು ವಯಸ್ಸಾಗೈತೆ, ಬುದ್ಧಿ ಯಾವಾಗ್ ಬರ್ತೈತೆ ನಿಂಗೆ?" ಎಂದು ಬೈದಳು. ಕೊನೆಯ ಮನೆ ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು. ಓಬಕ್ಕ ಅಲ್ಲೇ ಒಂದು ಚೊಂಬು ನೀರು ಕೇಳಿ ಈಸಿಕೊಂಡು ನನ್ನ ಕೈಗೆ ಕೊಟ್ಟಳು.

ಹೊಸ ಕಲ್ಲು, ಹೊಸ ಮರಳು ತಂದು ತೊಟ್ಟಿಯನ್ನು ಮತ್ತೆ ಕಟ್ಟಿದೆ. ನಾನು ಕಟ್ಟಿದ ಕೊನೆಯ ತೊಟ್ಟಿ ಅದೇ. ಆರು ವಾರ ಕಾದೆವು. ಓಬಕ್ಕ ಚಕ್ರ ತಿರುಗಿಸುತ್ತಾ ಮತ್ತೆ ಬರೀ ಕಲ್ಲನ್ನು ನೋಡಿದಳು. ನೀರಿಗೆ ಜೀವಗಳನ್ನು ಬಿಡುವ ದಿನ ನಡುಮನೆಯಲ್ಲಿ ಮಗ್ಗದವರೆಲ್ಲ ಬಂದು ನಿಂತಿದ್ದರು. ಸೀಗಡಿಯ ಚೀಲ ಬಿಚ್ಚಿ, ತೋಳು ಮಡಚಿ, ಬಿಸ್ಮಿಲ್ಲಾ ಎಂದು ನೀರಿಗೆ ಕೈ ಇಳಿಸಬೇಕು, ಅಷ್ಟರಲ್ಲಿ ಓಬಕ್ಕ ಚಕ್ರ ನಿಲ್ಲಿಸಿ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು.

"ಮೊದ್ಲು ಜೇಬು ತೋರ್ಸ್ರಿ ಸಾಬ್ರೆ."

ಎಲ್ಲರ ಮುಂದೆ ಜೇಬನ್ನು ಹೊರಗೆಳೆದು ತೋರಿಸಿದೆ. ಅವಳು ಬಗ್ಗಿ ನೋಡಿ, ಎರಡು ಸಲ ಕೊಡವಿ, ಆಮೇಲೆ ಕೈ ಬಿಟ್ಟಳು.